ಮುತ್ತಜ್ಜನಿಗೆ ನಾಲ್ಕು ಹೆಂಡಿರು

ಮಂಗಳವಾರ ಬೆಳಗ್ಗೆ ಅಂಚೆಯಲ್ಲಿ ಬಂದ ಲಕೋಟೆ ಒಡೆದು, ಒಳಗಿದ್ದ ಹಾಳೆಯನ್ನು ಬಿಡಿಸಿ ಓದಿದ ಕಾಗುಣಿತಪ್ಪನವರು ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಚಹಾ ಹಾರಿ ಅವರ ಕನ್ನಡಕದ ಮೇಲೇ ಕೂತಿತು.

"ನಾಲ್ಕು!" ಎಂದು ಕೂಗಿದರು. "ನಾಲ್ಕು ಜನ ಕಣೇ!"

"ಅಯ್ಯೋ, ಬರೋರಿದ್ರೆ ಮೊದಲೇ ಹೇಳಬಾರದಾ? ಅರ್ಧ ಲೀಟರ್ ಹಾಲೂ ಇಲ್ಲ" ಎಂದಳು ಅಡುಗೆಮನೆಯಿಂದ ಹೆಂಡತಿ.

"ಬರೋರಲ್ಲ, ಹೋಗಿರೋರು! ನಮ್ಮ ಮುತ್ತಜ್ಜನಿಗೆ ನಾಲ್ಕು ಜನ ಹೆಂಡಿರಂತೆ!"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಹಾಳೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. "ಪುಣ್ಯಾತ್ಮ ಕಣ್ರೀ. ನಿಮಗೆ ಒಬ್ಬಳ ಹತ್ತಿರ ನೆಟ್ಟಗೆ ಮಾತಾಡೋಕೆ ಬರಲ್ಲ."

ಕಾಗುಣಿತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕೂತು ಅಚ್ಚಿಗೆ ಹೋಗುವ ಕರಡುಗಳನ್ನು ತಿದ್ದಿ ತಿದ್ದಿ, ನಿವೃತ್ತರಾದ ಮೇಲೆ ತಿದ್ದಲು ಕರಡು ಸಿಗದೆ ಕಂಡದ್ದನ್ನೆಲ್ಲ ತಿದ್ದತೊಡಗಿದ ಮಹಾನುಭಾವರು ಅವರು. ಔಷಧಿ ಅಂಗಡಿಯ ಚೀಟಿ, ವಿದ್ಯುತ್ ಬಿಲ್ಲು, ಗೇಟಿಗೆ ನೇತುಹಾಕಿದ 'ನಾಯಿ ಇದೆ ಎಚ್ಚರಿಕೆ' ಎಂಬ ಬೋರ್ಡು, ಯಾವುದಕ್ಕೂ ಅವರ ಕೆಂಪು ಪೆನ್ಸಿಲ್ಲಿನಿಂದ ಬಿಡುಗಡೆಯಿಲ್ಲ. ಮಗಳ ಜೊತೆ ಮದುವೆ ಗೊತ್ತಾದ ಹುಡುಗ ಅವಳಿಗೊಂದು ಪ್ರೇಮಪತ್ರ ಬರೆದ. ಅದು ತಪ್ಪಿ ಇವರ ಕೈಗೆ ಸಿಕ್ಕಿತು. ಹದಿನೇಳು ತಪ್ಪು ಗುರುತುಮಾಡಿ ವಾಪಸು ಕಳಿಸಿದರು. (ಹುಡುಗ ಒಳ್ಳೆಯವನು. ಶುದ್ಧಪ್ರತಿ ಮಾಡಿ ಮತ್ತೆ ಕಳಿಸಿದ.)

ಇಂಥವರಿಗೆ ಆ ಹಾಳೆ ಕಳಿಸಿದ್ದು ಅವರ ದಾಯಾದಿ. ಪೇಟೆಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟವನು, ಇವರಿಗಿಂತ ಎರಡು ವರ್ಷ ದೊಡ್ಡವನು. ಮುತ್ತಜ್ಜ ಬೀಗ ಮಾಡುವುದರಲ್ಲಿ ನಿಸ್ಸೀಮನಾಗಿದ್ದನಂತೆ, ಹಾಗಾಗಿ ಇಡೀ ವಂಶವನ್ನು ಜನ 'ಬೀಗದವರು' ಎಂದೇ ಕರೆಯುವುದು. ದಾಯಾದಿಯ ಅಂಗಡಿಯ ಬೋರ್ಡಿನಲ್ಲಿದ್ದ ಒಂದು ತಪ್ಪನ್ನು ಕಾಗುಣಿತಪ್ಪನವರು ಅವನನ್ನು ಕೇಳದೆ ಬಣ್ಣ ಬಳಿದು ತಿದ್ದಿದ ದಿನದಿಂದ, ಅಂದರೆ ಇಪ್ಪತ್ತೆರಡು ವರ್ಷದಿಂದ, ಇಬ್ಬರಿಗೂ ಮಾತಿಲ್ಲ.

ಮುಂದಿನ ವಾರ ಭಾನುವಾರ ದೊಡ್ಡತ್ತೆಗೆ ತೊಂಬತ್ತು ತುಂಬುತ್ತದೆ. ದೊಡ್ಡತ್ತೆ ಎಂದರೆ ಕಾಗುಣಿತಪ್ಪನವರ ತಂದೆಯ ಅಕ್ಕ, ವಂಶದ ಉಳಿದಿರುವ ಏಕೈಕ ಹಿರಿಯ ಜೀವ. ಅಂದು ನೆಂಟರೆಲ್ಲ ಬಾಡಿಗೆಯ ಸಭಾಂಗಣದಲ್ಲಿ ಸೇರುವುದೆಂದೂ, ಅಲ್ಲಿ ವಂಶವೃಕ್ಷವನ್ನು ತೂಗುಹಾಕುವುದೆಂದೂ ದಾಯಾದಿ ತನ್ನಷ್ಟಕ್ಕೆ ತೀರ್ಮಾನಿಸಿ, ನಕಲನ್ನು ಎಲ್ಲರಿಗೂ ಕಳಿಸಿದ್ದ. ತಲೆಬರಹದಲ್ಲಿ 'ವಂಶವ್ರುಕ್ಷ' ಎಂದಿತ್ತು. (ಮೊದಲು ರಕ್ತ ಕುದಿದದ್ದು ಅದಕ್ಕೆ.) ಕೆಳಗೆ ಮುತ್ತಜ್ಜ. ಮುತ್ತಜ್ಜನಿಂದ ನಾಲ್ಕು ಗೆರೆ. ಒಂದನೇ ಹೆಂಡತಿ ಪುಟ್ಟಿ, ಎರಡನೆಯವಳು ಸಣ್ಣಕ್ಕ, ಮೂರನೆಯವಳು ಅಕ್ಕಯ್ಯ, ನಾಲ್ಕನೆಯವಳು ದೊಡ್ಡವ್ವ. ತಲೆಗೊಂದು ಮಗು. ದಾಯಾದಿಯ ಅಜ್ಜ ಒಂದನೆಯವಳ ಮಗ. ಕಾಗುಣಿತಪ್ಪನವರ ಅಜ್ಜ ಕಟ್ಟಕಡೆಯವಳ ಮಗ. ಅದರಡಿ ದಪ್ಪ ಅಕ್ಷರದಲ್ಲಿ, 'ನಾಲ್ಕನೇ ಸಂಸಾರದ ಕವಲು'.

"ನಾನು ನಾಲ್ಕನೇ ಸಂಸಾರದ ಕವಲಂತೆ! ಅವತ್ತು ಮಗಳ ಮಾವನ ಮನೆಯವರೂ ಬರ್ತಾರೆ. ಹೊಸ ಬೀಗರು ಕಣೇ! ಇದನ್ನ ಓದಿದರೆ ಏನಂದುಕೊಳ್ತಾರೆ? ಫೋನ್ ಹಚ್ಚು ಅವನಿಗೆ!"

"ನೀವೇ ಹಚ್ಚಿ."

"ನನಗೂ ಅವನಿಗೂ ಮಾತಿಲ್ಲ!"

ಹೆಂಡತಿ ನಿಟ್ಟುಸಿರುಬಿಟ್ಟು ಫೋನು ಹಚ್ಚಿದಳು. ಇಬ್ಬರು ಗಂಡಸರ ಕೂಗೂ ಇಬ್ಬರಿಗೂ ನೇರ ಕೇಳುತ್ತಿತ್ತು. ಆದರೂ ಮಧ್ಯೆ ಅವಳು ಬೇಕು.

"ಎಲ್ಲಿಂದ ತಂದ ಇಷ್ಟು ಹೆಂಡಿರನ್ನ, ಕೇಳು!"

"ಭಾವನವರೇ, ಎಲ್ಲಿಂದ ತಂದ್ರಿ ಅಂತ ಕೇಳ್ತಿದ್ದಾರೆ."

"ಹಳೇ ಹುಟ್ಟು ನೋಂದಣಿ ಪುಸ್ತಕದಿಂದ ಅಂತ ಹೇಳಮ್ಮ. ತಾಯಿ ಹೆಸರು ನಾಲ್ಕು ಕಡೆ ನಾಲ್ಕು ಇದೆ."

"ಒಬ್ಬಳಿಗೇ ನಾಲ್ಕು ಹೆಸರು ಇರಬಾರದಾ, ಕೇಳು ಆ ಬುದ್ಧಿವಂತನನ್ನ!"

"ಸಣ್ಣಕ್ಕ ಅಂದ್ರೆ ಸಣ್ಣವಳು, ದೊಡ್ಡವ್ವ ಅಂದ್ರೆ ದೊಡ್ಡವಳು. ಎರಡೂ ಒಬ್ಬಳೇ ಆಗೋಕೆ ಮುತ್ತಜ್ಜಿ ಏನು ರಬ್ಬರ್ ಬೊಂಬೆನಾ ಅಂತ ಕೇಳಮ್ಮ ನೀನೂನೂ!"

"ನಾನು ಯಾರನ್ನೂ ಕೇಳಲ್ಲ, ಒಲೆ ಮೇಲೆ ಸಾರು ಉಕ್ತಿದೆ" ಎಂದು ಹೆಂಡತಿ ಫೋನು ಇಟ್ಟಳು.

ಮರುದಿನ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಕಾಗುಣಿತಪ್ಪನವರು ದಾಖಲೆ ಕೊಠಡಿಯ ಮುಂದೆ ನಿಂತಿದ್ದರು. ಅಲ್ಲಿನ ಅಧಿಕಾರಿಣಿ ಐವತ್ತು ದಾಟಿದ ಹೆಂಗಸು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಧೂಳು ಕೊಡವಿ, ನಾಲ್ಕು ಪುಸ್ತಕಗಳನ್ನು ಮೇಜಿನ ಮೇಲಿಟ್ಟಳು.

"ಒಂದು ಮಾತು ಸಾರ್. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಬರೆದುಕೊಳ್ಳಿ. ತಪ್ಪು ಅನ್ನಿಸಿದ್ರೂ ತಿದ್ದಬೇಡಿ. ಹೊಂದಿಸಿ ನೋಡೋದು ಆಮೇಲೆ."

"ನನಗೆ ಹೇಳ್ತೀರಾ?" ಎಂದರು ಕಾಗುಣಿತಪ್ಪನವರು. ಮೂವತ್ತೆಂಟು ವರ್ಷದ ಸೇವೆಗೇ ಯಾರೋ ಉಗುಳಿದಂತಾಗಿತ್ತು ಅವರಿಗೆ.

ಮೊದಲ ಗಂಟೆಯೆಲ್ಲ ಹಳೇ ಗುಮಾಸ್ತರನ್ನು ಬೈಯುವುದರಲ್ಲೇ ಕಳೆಯಿತು. ಸತ್ತು ಎಪ್ಪತ್ತು ವರ್ಷವಾದವರನ್ನು ಆ ಪರಿ ಬೈದವರನ್ನು ಅಧಿಕಾರಿಣಿ ಕಂಡಿರಲಿಲ್ಲ. "ಹೆಸರಿನ ಕಾಲಮ್ಮಿನಲ್ಲಿ ಪುಟ್ಟಿ ಅಂತ ಬರೆದಿದ್ದಾನಲ್ಲ, ಇವನ ಕೈ ಸೇದಿಹೋಗ! ಪುಟ್ಟಿ ಅನ್ನೋದು ಹೆಸರಾ? ನಮ್ಮ ಮನೆ ಬೆಕ್ಕಿಗೂ ಪುಟ್ಟಿ ಅಂತಾರೆ!"

"ಆಗೆಲ್ಲ ಹೇಳೋರಿಗೂ ಅವಸರ, ಬರೆಯೋರಿಗೂ ಅವಸರ ಸಾರ್. ಯಾರು ಬಂದು ಹೇಳಿದ್ದು ನೋಡಿದ್ರಾ? ಕೊನೇ ಕಾಲಮ್ಮು."

ಕೊನೆಯ ಕಾಲಮ್ಮಿನ ತಲೆಯಲ್ಲಿ 'ಹೇಳಿದವರು' ಎಂದಿತ್ತು. ಕಾಗುಣಿತಪ್ಪನವರು ಕನ್ನಡಕವನ್ನು ಹಣೆಗೇರಿಸಿ ಪುಸ್ತಕಕ್ಕೆ ಮೂಗು ತಾಗಿಸಿದರು. ಮೊದಲ ಮಗುವಿನ ಹುಟ್ಟನ್ನು ಬಂದು ಹೇಳಿದ್ದು ಮುತ್ತಜ್ಜಿಯ ತಾಯಿ. ತಾಯಿ ಮಗಳನ್ನು ಪುಟ್ಟಿ ಎನ್ನದೆ ಮತ್ತೇನೆಂದಾಳು? ಎರಡನೆಯದನ್ನು ಹೇಳಿದ್ದು ತಮ್ಮ. ಅವನಿಗೆ ಅವಳು ಸಣ್ಣಕ್ಕ. ಮೂರನೆಯದು ಪಕ್ಕದ ಮನೆಯಾಕೆ, ಅವಳ ಬಾಯಲ್ಲಿ ಅಕ್ಕಯ್ಯ. ನಾಲ್ಕನೆಯದು ತಂಗಿಯ ಮಗ, ಅವನಿಗೆ ದೊಡ್ಡವ್ವ. ನಾಲ್ಕೂ ಕಡೆ ಸೂಲಗಿತ್ತಿ ಒಬ್ಬಳೇ, ನಾಲ್ಕೂ ಕಡೆ ಮನೆಯ ಗುರುತು 'ದೊಡ್ಡ ಬಾವಿಯ ಎದುರು'.

"ಒಬ್ಬಳೇ!" ಎಂದು ಮೇಜು ಗುದ್ದಿದರು. ಇಪ್ಪತ್ತು ವರ್ಷದಿಂದ ಕೂತಿದ್ದ ಧೂಳು ಎದ್ದಿತು. "ನಾಲ್ಕು ಹೆಂಡಿರಲ್ಲ ರೀ, ನಾಲ್ಕು ಬಾಯಿ! ಹೆಂಡತಿ ಒಬ್ಬಳೇ! ಆ ಬೀಗ ರಿಪೇರಿಯವನ ಬಾಯಿಗೆ ಬೀಗ ಹಾಕ್ತೀನಿ ನೋಡಿ!"

ಅಧಿಕಾರಿಣಿ ಕೆಮ್ಮಿದಳು. "ತಾಯಿ ಕಡೇದು ಸರಿ ಹೋಯ್ತು. ತಂದೆ ಕಾಲಮ್ಮಲ್ಲಿ ಸ್ವಲ್ಪ ವ್ಯತ್ಯಾಸ ಇದೆ ಸಾರ್. ಮೊದಲೆರಡು ಕಡೆ 'ಬೀಗದವನು' ಅಂತಿದೆ. ಆಮೇಲಿನ ಎರಡರಲ್ಲಿ 'ಬೀಗರವನು'."

"ದ ಬದಲು ರ ಬಿದ್ದಿದೆ ಅಷ್ಟೆ. ಇಂಥವನ್ನ ಲಕ್ಷ ನೋಡಿದೀನಿ ನಾನು" ಎಂದು ಕಾಗುಣಿತಪ್ಪನವರು ತಮ್ಮ ಕಾಗದದಲ್ಲಿ ನಾಲ್ಕೂ ಕಡೆ 'ಬೀಗದವನು' ಎಂದೇ ಬರೆದುಕೊಂಡರು.

"ಎರಡನೇ ಮಗುವಿಗೂ ಮೂರನೇದಕ್ಕೂ ಮಧ್ಯೆ ಆರು ವರ್ಷ ಅಂತರ ಇದೆ. ಯಾವುದಕ್ಕೂ ಸಾವಿನ ಪುಸ್ತಕ ಒಂದು ಸಲ..."

"ಹುಟ್ಟಿನ ಪುಸ್ತಕದ್ದೇ ಈ ಗತಿ, ಸಾವಿನದು ಬೇರೆ ನೋಡಬೇಕಾ? ಸಾಕು ತಾಯಿ, ನಿಮ್ಮ ಇಲಾಖೆಗೆ ದೊಡ್ಡ ನಮಸ್ಕಾರ!" ಎಂದು ಛತ್ರಿ ಝಳಪಿಸುತ್ತ ಹೊರಟೇಬಿಟ್ಟರು.

ಅಲ್ಲಿಂದ ಸೀದಾ ಹಳೇ ಮುದ್ರಣಾಲಯಕ್ಕೆ. ಅಲ್ಲಿ ಈಗ ಅವರ ಕುರ್ಚಿಯಲ್ಲಿ ಕೂತಿರುವವನು ಅವರ ಶಿಷ್ಯ. ಕಿವಿ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವುದರಿಂದ ಹಿಡಿದು ಎಲ್ಲವನ್ನೂ ಅವರಿಂದಲೇ ಕಲಿತವನು. ಒಬ್ಬ ಗಂಡ, ಒಬ್ಬ ಹೆಂಡತಿ, ನಾಲ್ಕು ಮಕ್ಕಳ ಹೊಸ ವಂಶವೃಕ್ಷ ಬಾಗಿಲಿನಷ್ಟು ದೊಡ್ಡ ಬಟ್ಟೆಯ ಮೇಲೆ ಅಚ್ಚಾಯಿತು. ಕಾಗುಣಿತಪ್ಪನವರು ಕರಡನ್ನು ಮೂರು ಸಲ ನೋಡಿದರು.

"ದೊಡ್ಡತ್ತೆಯವರನ್ನ ಒಂದು ಮಾತು ಕೇಳಬಾರದಾ?" ಎಂದಳು ಹೆಂಡತಿ. "ಅವರ ಸ್ವಂತ ಅಜ್ಜಿ ವಿಷಯ."

"ಅತ್ತೆಗೆ ಕಿವಿ ಕೇಳಲ್ಲ."

"ನೀವು ಕೇಳಿದ್ರೆ ತಾನೇ ಅವರಿಗೆ ಕೇಳೋದು, ಕೇಳದೇ ಇರೋದು."

"ದಾಖಲೆ ಇದೆ ಕಣೇ ನನ್ನ ಹತ್ತಿರ! ದಾಖಲೆ!"

ಭಾನುವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೊಸ ಬೀಗರು. ಹುಡುಗನ ತಾಯಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ, ಕೂತ ಭಂಗಿಯಲ್ಲೇ ನೂರು ಮಕ್ಕಳನ್ನು ಸುಮ್ಮನಾಗಿಸುವಂಥವರು. ಮಧ್ಯದ ದೊಡ್ಡ ಕುರ್ಚಿಯಲ್ಲಿ ದೊಡ್ಡತ್ತೆ. ಮೂಲೆಯಲ್ಲಿ ದಾಯಾದಿ, ಎದೆಗೆ ಕೈ ಕಟ್ಟಿಕೊಂಡು. ಅವನ ಹಾಳೆಯ ಪಕ್ಕದಲ್ಲೇ ಕಾಗುಣಿತಪ್ಪನವರು ತಮ್ಮ ಬಟ್ಟೆಯನ್ನು ಇಳಿಬಿಟ್ಟರು. ಗಂಟಲು ಸರಿಮಾಡಿಕೊಂಡರು.

"ಮಹನೀಯರೇ, ಮಹಿಳೆಯರೇ! ಅಕ್ಷರಜ್ಞಾನವಿಲ್ಲದ ಕೆಲವರು ನಮ್ಮ ಪೂಜ್ಯ ಮುತ್ತಜ್ಜನ ಚಾರಿತ್ರ್ಯಕ್ಕೆ ಮಸಿ ಬಳಿದಿದ್ದಾರೆ. ಪುಟ್ಟಿ, ಸಣ್ಣಕ್ಕ, ಅಕ್ಕಯ್ಯ, ದೊಡ್ಡವ್ವ, ನಾಲ್ವರೂ ಒಬ್ಬಳೇ ಎಂದು ನಾನು ದಾಖಲೆ ಸಮೇತ ಸಾಧಿಸಿದ್ದೇನೆ. ಒಬ್ಬನೇ ಗಂಡ, ಒಬ್ಬಳೇ ಹೆಂಡತಿ! ಇದು ನಮ್ಮ ಮನೆತನ!"

ಚಪ್ಪಾಳೆ ಬಿತ್ತು. ಬೀಗರೂ ತಟ್ಟಿದರು. ದಾಯಾದಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಆಗ ದೊಡ್ಡತ್ತೆ ಕನ್ನಡಕ ತರಿಸಿ, ಹಾಕಿಕೊಂಡು, ಕೋಲೂರಿಕೊಂಡು ಎದ್ದು ಬಂದು, ಬಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೂ ಓದಿದರು.

"ನಮ್ಮಜ್ಜ ಎಲ್ಲೋ?" ಎಂದರು.

"ಇಲ್ಲೇ ಇದ್ದಾರಲ್ಲ ಅತ್ತೆ. ಬೀಗದವರು."

"ಬೀಗದವರಲ್ಲ ಕಣೋ. ಬೀಗರವರು."

"ಅದು ಬರವಣಿಗೆಯ ತಪ್ಪು ಅತ್ತೆ. ದ ಬದಲು ರ ಬಿದ್ದಿತ್ತು, ನಾನು ಸರಿಮಾಡಿದೆ."

"ತಪ್ಪಾ?" ದೊಡ್ಡತ್ತೆಯ ಕೋಲು ನೆಲಕ್ಕೆ ಬಡಿಯಿತು. "ಅವರ ಹೆಗಲ ಮೇಲೆ ಕೂತು ಶಾಲೆಗೆ ಹೋದೋಳು ನಾನು. ನನಗೆ ತಪ್ಪು ಅಂತೀಯಾ? ಬೀಗದವರು ನಮ್ಮಜ್ಜಿಯ ಮೊದಲನೇ ಗಂಡ ಕಣೋ ಮಂಕೇ! ಜ್ವರ ಬಂದು ಮೂರೇ ದಿನಕ್ಕೆ ಹೋದ್ರು. ಎರಡು ಮಕ್ಕಳನ್ನ ಕಟ್ಟಿಕೊಂಡು ಅಜ್ಜಿ ಒಂಟಿ ಆದಾಗ, ನಾದಿನಿಯ ಮೈದುನ, ಬೀಗರ ಕಡೆಯವರು, ಸೌದೆ ಒಡೆದುಕೊಡ್ತೀನಿ ಅಂತ ಬಂದ್ರು. ಸೌದೆ ಮುಗೀತು, ಅವರು ಹೋಗಲಿಲ್ಲ. ಮದುವೆಯಾದ್ರು. ಊರೆಲ್ಲ ಬಾಯಿಗೆ ಬಂದ ಹಾಗೆ ಆಡಿತು. ಅಜ್ಜಿ ಹೆದರಲಿಲ್ಲ. ಬೀಗರವನು, ಬೀಗರವನು ಅಂತ ಆಡಿಕೊಂಡ್ರು. ಅವರು ಅದನ್ನೇ ಹೆಸರು ಮಾಡ್ಕೊಂಡು, ಯಾರು ಕೇಳಿದ್ರೂ ಹೌದು, ನಾನೇ ಬೀಗರವನು ಅಂತ ಎದೆಯೆತ್ತಿ ಹೇಳ್ತಿದ್ರು. ಕೊನೆಯ ಇಬ್ಬರು ಮಕ್ಕಳು ಅವರವು. ನಮ್ಮಪ್ಪ ಅವರ ಮಗ. ನಿನ್ನ ಮೈಯಲ್ಲಿ ಬೀಗದವರ ರಕ್ತ ಒಂದು ತೊಟ್ಟೂ ಇಲ್ಲ!"



"ಮತ್ತೆ... ನಮ್ಮಪ್ಪ ಹೇಳಲೇ ಇಲ್ಲ" ಎಂದರು ಕಾಗುಣಿತಪ್ಪನವರು.

"ಅವನಿಗೆ ನಾಚಿಕೆ. ಬಾಯಿ ಮುಚ್ಕೊಂಡ. ನನ್ನನ್ನ ಯಾರೂ ಕೇಳಲಿಲ್ಲ. ಕೇಳಿದ್ರೆ ಹೇಳ್ತಿರಲಿಲ್ವಾ? ಅಷ್ಟು ಜನದ ಎದುರು ಎದೆ ಕೊಟ್ಟು ನಿಂತ ಮನುಷ್ಯನನ್ನ ಒಂದು ಅಕ್ಷರ ತಿದ್ದಿ ಅಳಿಸಿಬಿಟ್ಟೆಯಲ್ಲೋ!" ದೊಡ್ಡತ್ತೆಯ ಕಣ್ಣಲ್ಲಿ ನೀರು ಬಂತು, ಆದರೆ ಕೋಲು ಮಾತ್ರ ಕೆಳಗಿಳಿಯಲಿಲ್ಲ.

ಕಾಗುಣಿತಪ್ಪನವರು ಮೆಲ್ಲಗೆ ಮುಂದಿನ ಸಾಲಿನ ಕಡೆ ಕಣ್ಣು ಹಾಯಿಸಿದರು. ಹುಡುಗನ ತಾಯಿ ಎದ್ದು ನಿಂತಿದ್ದರು. ಸಂಬಂಧ ಮುರಿದುಬಿತ್ತು ಎಂದುಕೊಂಡರು ಕಾಗುಣಿತಪ್ಪನವರು.

"ಅಜ್ಜಿ, ಆ ಹೆಣ್ಣುಮಗಳ ಫೋಟೋ ಏನಾದ್ರೂ ಇದೆಯಾ?" ಎಂದು ಅವರು ದೊಡ್ಡತ್ತೆಯನ್ನು ಕೇಳಿದರು. "ಅಂಥ ಗಟ್ಟಿಗಿತ್ತಿ ಮನೆಯಿಂದ ಸೊಸೆ ಬರ್ತಾಳೆ ಅಂದ್ರೆ ನಾಲ್ಕು ಜನಕ್ಕೆ ಹೇಳಿಕೊಳ್ಳಬೇಕು ನಾನು." ಆಮೇಲೆ ಕಾಗುಣಿತಪ್ಪನವರ ಕಡೆ ತಿರುಗಿ, "ನಮಗೂ ಒಂದು ಪ್ರತಿ ಕೊಡಿ, ಬೀಗರೇ" ಎಂದರು.

ಸಭಾಂಗಣ ಗೊಳ್ಳೆಂದಿತು. ಆಕೆ ಕರೆದದ್ದು ಸಂಬಂಧದಿಂದಲೋ ವಂಶದಿಂದಲೋ ಕಾಗುಣಿತಪ್ಪನವರಿಗೆ ಕೊನೆಗೂ ತಿಳಿಯಲಿಲ್ಲ. ಹೆಂಡತಿ ಸದ್ದಿಲ್ಲದೆ ಬಂದು ಕೆಂಪು ಪೆನ್ಸಿಲ್ಲನ್ನು ಅವರ ಕೈಗಿಟ್ಟು ಹೋದಳು.

ಅವರು ನೂರಾರು ಕಣ್ಣುಗಳ ಮುಂದೆ ತಮ್ಮದೇ ಬಟ್ಟೆಯ ಮೇಲೆ ಕೊನೆಯ ಇಬ್ಬರು ಮಕ್ಕಳ ತಂದೆಯ ಹೆಸರಿಗೆ ಗೆರೆ ಹೊಡೆದು 'ಬೀಗರವನು' ಎಂದು ಬರೆದು ಮುಗಿಸುವಷ್ಟರಲ್ಲಿ ದಾಯಾದಿ ಪಕ್ಕಕ್ಕೆ ಬಂದು ನಿಂತಿದ್ದ. ಇಪ್ಪತ್ತೆರಡು ವರ್ಷದ ಮೇಲೆ ನೇರವಾಗಿ ಬಾಯಿ ಬಿಟ್ಟ.

"ಹಾಗಾದ್ರೆ ನೀನು ನನ್ನ ದಾಯಾದಿನೇ ಅಲ್ವಲ್ಲೋ!"

"ಮುತ್ತಜ್ಜಿ ಒಬ್ಬಳೇ" ಎಂದರು ಕಾಗುಣಿತಪ್ಪನವರು ಹಲ್ಲು ಕಡಿಯುತ್ತ.

"ಮುತ್ತಜ್ಜಿ ಒಬ್ಬಳೇ. ಆದ್ರೆ ದಾಯಾದಿ ಜಗಳಕ್ಕೆ ಮುತ್ತಜ್ಜ ಒಬ್ಬನೇ ಆಗಿರಬೇಕಪ್ಪ. ಛೆ, ಇಷ್ಟು ವರ್ಷ ಸುಮ್ಮಸುಮ್ಮನೆ ಮಾತು ಬಿಟ್ಟಿದ್ವಿ. ಬಾ, ಊಟ ಮಾಡೋಣ" ಎಂದು ಅವನು ಹೆಗಲ ಮೇಲೆ ಕೈ ಹಾಕಿದ. ಕಾಗುಣಿತಪ್ಪನವರಿಗೆ ಅಂದು ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಕೈಗೆ. ಅಷ್ಟು ಜತನದಿಂದ ಸಾಕಿಕೊಂಡು ಬಂದಿದ್ದ ಹಗೆಯನ್ನೂ ಅವನು ಕಿತ್ತುಕೊಂಡಿದ್ದ.

ಸೋಮವಾರ ಅವರು ಮುಖ ಸಣ್ಣದು ಮಾಡಿಕೊಂಡು ಎರಡು ಕೆಲಸ ಮಾಡಿದರು. ಸರಿಪಡಿಸಿದ ವಂಶವೃಕ್ಷವನ್ನು ಮುದ್ರಣಾಲಯದಲ್ಲಿ ಕೊಟ್ಟು, ನೆಂಟರಿಗೆಲ್ಲ ಹಂಚಲು ನೂರು ಪ್ರತಿ ಹೇಳಿದರು. ಆಮೇಲೆ ದಾಖಲೆ ಕೊಠಡಿಗೆ ಹೋಗಿ, ಅಧಿಕಾರಿಣಿಯ ಕ್ಷಮೆ ಕೇಳಿ, ಸಂಜೆಯವರೆಗೂ ಸಾವಿನ ಪುಸ್ತಕದ ಮುಂದೆ ಕೂತರು. ಬೀಗದವನು ಸತ್ತ ದಿನ ಸಿಕ್ಕಿತು. ಅದಕ್ಕೆ ಮೂವತ್ತೊಂಬತ್ತು ವರ್ಷದ ಮೇಲೆ ಬೀಗರವನು ಸತ್ತ ದಿನವೂ ಸಿಕ್ಕಿತು. ಇದ್ದದ್ದನ್ನು ಇದ್ದ ಹಾಗೇ ಬರೆದುಕೊಂಡರು. ಗುಮಾಸ್ತ 'ಮರಣ'ಕ್ಕೆ 'ಮರಳ' ಎಂದು ಬರೆದಿದ್ದ. ಅದನ್ನೂ ಮುಟ್ಟಲಿಲ್ಲ. ಈ ಗಲಾಟೆಯಲ್ಲಿ, ಜೀವಮಾನದಲ್ಲೇ ಮೊದಲ ಬಾರಿಗೆ, ಅಚ್ಚಿಗೆ ಹೋಗುವ ಕರಡನ್ನು ನೋಡುವುದು ಅವರಿಂದ ತಪ್ಪಿಹೋಯಿತು.

ಗುರುವಾರ ನೂರು ಪ್ರತಿಗಳ ಕಟ್ಟು ಮನೆಗೆ ಬಂತು. ಮೇಲೆ ಶಿಷ್ಯನ ಮುದ್ದಾದ ಕೈಬರಹದ ಚೀಟಿ.

'ಗುರುಗಳೇ, ನಿಮ್ಮ ಪ್ರತಿಯಲ್ಲಿ ಎರಡು ಕಡೆ ದ ಬದಲು ರ ಬಿದ್ದಿತ್ತು. ನೀವು ಕಲಿಸಿದಂತೆ, ಯಾರನ್ನೂ ಕೇಳದೆ ಸರಿಪಡಿಸಿದ್ದೇನೆ.'

ಕಾಗುಣಿತಪ್ಪನವರು ಹಾಕಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆಗೆದು ಹೊರಗೆ ಬಂದರು. "ಕತ್ತೆ! ಅವಿವೇಕಿ! ಇದ್ದದ್ದನ್ನ ಇದ್ದ ಹಾಗೆ ಬಿಡೋಕೆ ಏನು ದಾಡಿ ಇವನಿಗೆ? ಯಾರು ಹೇಳಿಕೊಟ್ರು ಇವನಿಗೆ ಇದನ್ನ?"

ಹೆಂಡತಿ ಗೋಡೆಗೆ ಒರಗಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಸಾಕಷ್ಟು ಹೊತ್ತು ನಕ್ಕಳು. ಅಷ್ಟರಲ್ಲಿ ಫೋನು. ದೊಡ್ಡತ್ತೆ. ನಮ್ಮಜ್ಜನ ಹಾಳೆ ಬಂತಾ, ಯಾವಾಗ ತರ್ತಾನೆ ಅವನು, ಎಂದು.

ಬೇರೆ ದಾರಿಯಿರಲಿಲ್ಲ. ನೂರು ಹಾಳೆ, ಹಾಳೆಗೆ ಎರಡು ಅಕ್ಷರ. ಕಾಗುಣಿತಪ್ಪನವರು ಬ್ಲೇಡು, ಪೆನ್ನು ಹಿಡಿದು, ಹಲ್ಲು ಕಡಿಯುತ್ತ, ಒಂದೊಂದೇ ದ-ವನ್ನು ಕೆರೆದು ರ ಬರೆಯತೊಡಗಿದರು. ಹತ್ತನೇ ಹಾಳೆಗೆ ಬೆರಳು ನೋಯತೊಡಗಿತು. ಹೆಂಡತಿ ಬಂದು ಎದುರಿಗೆ ಕೂತಳು, ಅರ್ಧ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು, ಅವರು ಮುಗಿಸಿಟ್ಟ ಹಾಳೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ರೀ" ಎಂದಳು, "ಈ ರ ಸರಿಯಾಗಿಲ್ಲ. ಇನ್ನೊಂದು ಸಲ ಬರೀರಿ."